ಒಂದೇ ಮನೆ, ಎರಡು ನಿಷ್ಠೆ

ತಿಪಟೂರು, ತುರುವೇಕೆರೆಗಳ ಹಳೆಯ ಮನೆಗಳ ಮೇಲಿರುವ ಮಂಗಳೂರು ಹಂಚನ್ನು ನಮ್ಮ ಪೂರ್ವವಿದ್ಯಾರ್ಥಿನಿಯರೆಲ್ಲರೂ ಬಲ್ಲರು. 1865ರಲ್ಲಿ ಆ ಕೈಗಾರಿಕೆಯನ್ನು ಆರಂಭಿಸಿದವರು ಬಾಸೆಲ್ ಮಿಶನ್ನಿನವರು. ಮಿಶನ್ನಿನ ತವರು ಸ್ವಿಟ್ಜರ್ಲೆಂಡಾದರೂ ಅದರ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. 1894ರಲ್ಲಿ ನಮಗೆ ನಿಘಂಟನ್ನಿತ್ತ ಕಿಟ್ಟೆಲರೂ ಅವರಲ್ಲೊಬ್ಬರು. 1834ರಿಂದ ಮಂಗಳೂರಿನಲ್ಲಿ ಸ್ವಿಸ್ಸರೂ ಜರ್ಮನರೂ ಒಂದೇ ಕುಟುಂಬದಂತಿದ್ದರು.

1914ರ ಯುದ್ಧವು ಆ ಕುಟುಂಬವನ್ನು ಒಡೆಯಿತು. ಸ್ವಿಸ್ಸರು ತಟಸ್ಥರೆನಿಸಿದರು, ಜರ್ಮನರು ಶತ್ರುಪ್ರಜೆಗಳಾದರು, ಅನೇಕರು ಅಹಮದ್‌ನಗರದ ಶಿಬಿರದಲ್ಲಿ ಬಂಧಿತರಾದರು. ಇವರಿಗಿಂತಲೂ ಇಕ್ಕಟ್ಟಿನ ಸ್ಥಿತಿ ಮಂಗಳೂರು ಸಭೆಯ ಕನ್ನಡ, ತುಳು ಕ್ರೈಸ್ತರದೆಂದು ನನ್ನ ಎಣಿಕೆ. ಅಕ್ಷರ ಕಲಿಸಿದ ಗುರುವು ಜರ್ಮನನು, ತಾವು ಬ್ರಿಟಿಷ್ ಪ್ರಜೆಗಳು. ಸೆರೆಯಲ್ಲಿದ್ದ ಗುರುವಿಗಾಗಿ ಪ್ರಾರ್ಥಿಸುವುದು ರಾಜದ್ರೋಹವಾದೀತೇ? ಹಾಗೆನ್ನಲು ನನಗೆ ಬಾಯಿ ಬಾರದು. ಅನ್ನಕ್ಕೆ ಆಧಾರವಾಗಿದ್ದ ಹಂಚಿನ ಹಾಗೂ ನೆಯ್ಗೆಯ ಕಾರ್ಖಾನೆಗಳೂ ಮಿಶನ್ನಿನ ಕೈತಪ್ಪಿ, ಕಡೆಗೆ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು.