ಅಜ್ಜಿ ಯಾಕೆ ಸುಮ್ಮನಾದರು?

ರಿಚರ್ಡ್ಸ್ ಪಾರ್ಕಿನಲ್ಲಿ ಸಂಜೆ ನಾನು ಕೂರುವ ಬೆಂಚಿಗೆ ಕಳೆದ ಜೂನ್‌ನಿಂದ ಇನ್ನಿಬ್ಬರು ಪಾಲುದಾರರು ಬಂದಿದ್ದಾರೆ. ಸಿಂಧನೂರು ಕಡೆಯ ಒಬ್ಬ ಅಜ್ಜಿ ಮತ್ತು ಮೂರನೇ ತರಗತಿಯ ಅವರ ಮೊಮ್ಮಗಳು. ಅಜ್ಜಿಯ ಮಗ ಇಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಾರೆ. ಅಜ್ಜಿ ಮೊಮ್ಮಗಳು ಅಕ್ಕಪಕ್ಕ ಕೂತಿದ್ದರೂ ಒಂದು ಮಾತಿಲ್ಲ. ಜಗಳವೇನೋ ಅಂದುಕೊಂಡೆ. ನಾಲ್ಕನೇ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಮೇಷ್ಟರ ಚಾಳಿ, ನಿವೃತ್ತಿಯಾದರೂ ಹೋಗಿಲ್ಲ.

“ಮನ್ಯಾಗ ಬರೇ ಇಂಗ್ಲಿಷ್ ಮಾತಾಡ್ರಿ ಅಂತ ಸಾಲ್ಯಾಗ ಹೇಳ್ಯಾರ್ರಿ ಸರ. ನನಗ ಬರಂಗಿಲ್ಲ. ನಾ ಕನ್ನಡದಾಗ ಮಾತಾಡಿದ್ರ ಹುಡುಗಿ ಕಲಿಯಂಗಿಲ್ಲ ಅಂತ ಸುಮ್ನ ಕುಂತೀನ್ರಿ” ಅಂದರು ಅಜ್ಜಿ.

ಅಪ್ಪನಿಗೆ ಬರುವುದು ‘ಕಮ್’, ‘ಸಿಟ್’, ‘ಈಟ್’. ಅಲ್ಲಿಗೆ ಮನೆಯ ಮಾತು ಮುಗಿಯಿತು. ಶಾಲೆಯಲ್ಲೂ ಹುಡುಗಿ ಬಾಯಿ ಬಿಡುವುದಿಲ್ಲವಂತೆ. ನನಗೆ ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು.

ಯಾಕೆಂದರೆ ಹಾಗೆ ಬಾಯಿ ಬಿಡದೆ ಕೂತವನು ನಾನೂ ಹೌದು. ಹಳ್ಳಿಯಲ್ಲಿ ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿಗೆ ಪಿಯುಸಿಗೆ ಬಂದಾಗ, ಮೇಷ್ಟರು ‘ಫೋಟೋಸಿಂಥೆಸಿಸ್’ ಅಂದರೇನು ಎಂದು ಕೇಳಿದರು. ತಲೆತಗ್ಗಿಸಿ ನಿಂತೆ. ವಾರ ಕಳೆದ ಮೇಲೆ ಗೊತ್ತಾಯಿತು, ಅದು ನನ್ನ ಹಳೇ ದ್ಯುತಿಸಂಶ್ಲೇಷಣೆ! ಎಲೆ, ಬಿಸಿಲು, ನೀರು, ಗಾಳಿ ಎಲ್ಲ ನನಗೆ ಗೊತ್ತಿತ್ತು. ಡಬ್ಬದ ಮೇಲಿನ ಚೀಟಿ ಮಾತ್ರ ಬೇರೆ. ಡಬ್ಬದೊಳಗೆ ಏನೂ ಇಲ್ಲದಿದ್ದರೆ ಯಾವ ಚೀಟಿ ಅಂಟಿಸಿ ಏನು ಪ್ರಯೋಜನ?

ಇದು ನನ್ನೊಬ್ಬನ ಅನುಭವವಲ್ಲ. ಶಾಲೆಯಲ್ಲಿ ಮಗುವಿನ ಮಾತೃಭಾಷೆಯನ್ನು ಸಾಧ್ಯವಾದಷ್ಟೂ ಬಳಸಿ ಎಂದು ಯುನೆಸ್ಕೋ 1953ರಲ್ಲೇ ಹೇಳಿತ್ತು. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಮಕ್ಕಳನ್ನು ಗಮನಿಸಿ ಇನ್ನೊಂದು ವಿಷಯ ಹೇಳಿದರು. ಆಟದ ಬಯಲಿನ ಇಂಗ್ಲಿಷ್ ಸುಮಾರು 2 ವರ್ಷದಲ್ಲಿ ಬರುತ್ತದೆ, ಪಾಠದ ಇಂಗ್ಲಿಷಿಗೆ 5ರಿಂದ 7 ವರ್ಷ ಬೇಕು. ನಾವೋ ಜೂನ್‌ನಲ್ಲಿ ಸೇರಿಸಿ ದಸರೆಗೆ ಭಾಷಣ ಕೇಳುವವರು! ನಮ್ಮ ಸರ್ಕಾರಿ ಶಾಲೆಗಳಲ್ಲೂ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿದೆ. ಕಲಿಯಲಿ, ಬೇಡವೆನ್ನುವವನು ನಾನಲ್ಲ. ಆದರೆ ಅದಕ್ಕಾಗಿ ಅಜ್ಜಿ ಬಾಯಿ ಮುಚ್ಚಬೇಕೆ?

“ಅಜ್ಜಿ, ನೀವು ಕತೆ ಹೇಳಿ. ಇಂಗ್ಲಿಷ್ ನನಗೆ ಬಿಡಿ” ಅಂದೆ.

ಮರುದಿನ ಕಾಗದದ ಚೀಟಿಗಳನ್ನು ತಂದೆ. ಮಕ್ಕಳೇ, ನೀವೂ ಮಾಡಿ ನೋಡಿ. ‘ನಾನು’, ‘ಮಾವಿನಹಣ್ಣು’, ‘ತಿಂದೆ’ ಎಂದು ಮೂರು ಚೀಟಿ. ಕನ್ನಡದಲ್ಲಿ ‘ತಿಂದೆ’ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ನುಗ್ಗಿ ಕೂರುತ್ತದೆ: ‘ಐ ಏಟ್ ಎ ಮ್ಯಾಂಗೋ’. ಇನ್ನೊಂದು ತಮಾಷೆ. ‘ಮನೆಯಲ್ಲಿ’ ಅನ್ನುವಾಗ ‘ಅಲ್ಲಿ’ ಬಾಲದ ಹಾಗೆ ಹಿಂದೆ ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ಆ ಬಾಲವೇ ಮುಂದೆ ಬಂದು ಮೂಗಾಗುತ್ತದೆ: ‘ಇನ್ ದ ಹೌಸ್’. ಹುಡುಗಿ ಕಿಸಕ್ಕನೆ ನಕ್ಕಳು. ನಾನು ಕೇಳಿದ ಅವಳ ಮೊದಲ ಸದ್ದು ಅದು.

‘ನೈಫ್’ ಬರೆಯುವಾಗ ಮೊದಲು ‘ಕೆ’ ಅಕ್ಷರ ಯಾಕೆ ಎಂದು ಆಮೇಲೊಂದು ದಿನ ಕೇಳಿದಳು. ಬರೆದಂತೆ ಓದುವ ಕನ್ನಡದ ಮಗು ಕೇಳಲೇಬೇಕಾದ ಪ್ರಶ್ನೆ! ಹಿಂದೆ ಆ ‘ಕೆ’ಯನ್ನೂ ಉಚ್ಚರಿಸುತ್ತಿದ್ದರು, ನಾಲಿಗೆ ಬಿಟ್ಟರೂ ಬರವಣಿಗೆ ಬಿಡಲಿಲ್ಲ ಅಂದೆ.

ಅಜ್ಜಿ ಕಾಗೆ-ಗುಬ್ಬಿಯ ಕತೆ ಶುರುಮಾಡಿದರು. ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ, ಜೋರು ಮಳೆ. ಒಂದು ವಾರ ಅದನ್ನೇ ಕೇಳಿದ ಹುಡುಗಿ ತಾನೇ ಹೇಳತೊಡಗಿದಳು: “ರೇನ್ ಕಮ್. ಹೌಸ್ ಗೋ.” ತಪ್ಪು ಅನ್ನಲಿಲ್ಲ. “ಹೌದಾ? ದ ರೇನ್ ಕೇಮ್?” ಅಂದೆ. ನಾಲ್ಕನೇ ಸಲಕ್ಕೆ ಅವಳ ಬಾಯಲ್ಲೂ ‘ಕೇಮ್’ ಬಂತು.

ಮೊನ್ನೆ ತರಗತಿಯಲ್ಲಿ ಎದ್ದು ನಿಂತು ಇಡೀ ಕತೆ ಹೇಳಿದಳಂತೆ. ಒಂದು ಪದ ಮಾತ್ರ ಸಿಗದೆ ‘ಸಗಣಿ ಹೌಸ್’ ಅಂದಳಂತೆ. ಮಕ್ಕಳು ನಕ್ಕರು. ಮಿಸ್ ಮಾತ್ರ ಸಗಣಿ ಅಂದರೇನು, ಅದರಿಂದ ಹೇಗೆ ಮನೆ ಕಟ್ಟುತ್ತಾರೆ ಎಂದು ಇವಳನ್ನೇ ಕೇಳಿದರಂತೆ. ಇವಳು ಹೇಳುತ್ತಲೇ ಹೋದಳಂತೆ, ಬೆಲ್ ಹೊಡೆಯುವವರೆಗೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್.

“ಸಗಣಿಗೆ ಇಂಗ್ಲಿಷ್‌ನಾಗ ಏನಂತಾರ್ರಿ ಸರ?” ಅಜ್ಜಿ ಕೇಳಿದರು.

“ಕೌ ಡಂಗ್” ಅಂದೆ.

ಅಜ್ಜಿ ಎರಡು ಸಲ ಹೇಳಿಕೊಂಡರು. ಆಮೇಲೆ ಮೂಗು ಮುರಿದರು.

“ನಮ್ಮ ಸಗಣಿನೇ ಚಲೋ ಐತ್ರಿ.”