ದೊಡ್ಡ ಮೀನಿಗೆ ದುಬಾರಿ ಗಾಳವೇ ಬೇಕೆ?



ಮಳೆಗಾಲದಲ್ಲಿ ಕೆರೆ ತುಂಬಿತೆಂದರೆ ಸಂಜೆಯ ಹೊತ್ತು ಗಾಳ ಹಿಡಿದು ಏರಿಯ ಬದಿ ಕೂರುವವರು ಪ್ರತಿ ಊರಿನಲ್ಲೂ ಇದ್ದಾರೆ. ಚಿಕ್ಕ ಮೀನು ಹೇಗೋ ಬುಟ್ಟಿಗೆ ಬೀಳುತ್ತದೆ. ದೊಡ್ಡದು ಕಚ್ಚಿದಾಗ ಮಾತ್ರ ದಾರ ಹರಿಯುತ್ತದೆ, ಇಲ್ಲವೆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಆಗ ಪೇಟೆಯ ಬೆಲೆಬಾಳುವ ಕೋಲಿನ ಮೇಲೆ ಮನಸ್ಸಾಗುತ್ತದೆ. ಗೊಬ್ಬರಕ್ಕೆ ಇಟ್ಟ ಹಣ ಅಂಗಡಿಯ ಪಾಲಾಗುತ್ತದೆ. ಹಾಗೆ ಮಾಡುವ ಮೊದಲು ಈ ಸಂಗತಿಗಳನ್ನು ತಿಳಿದುಕೊಳ್ಳಿ.

ಒಬ್ಬ ಬಡ ರೈತನ ಉದಾಹರಣೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬ ರೈತ ಯುವಕನಿದ್ದ. ತಂದೆ ತೀರಿಕೊಂಡಿದ್ದರು, ತಾಯಿ, ತಂಗಿ ತಮ್ಮಂದಿರ ಹೊಟ್ಟೆಪಾಡು ಅವನ ಮೇಲಿತ್ತು. 1932ರ ಜೂನ್ 2ರಂದು ಅವನು ಗೆಳೆಯನೊಡನೆ ಮೀನು ಹಿಡಿಯಲು ಹೋದ. ಅವನಲ್ಲಿದ್ದುದು ಅಗ್ಗದ ಒಂದು ಕೋಲು, ರೀಲು ಮತ್ತು ಮರದ ಒಂದೇ ಒಂದು ಹುಸಿಮೀನು. ಅದಕ್ಕೆ ಸಿಕ್ಕ ಬಾಸ್ ಮೀನು 10 ಕಿಲೋಗ್ರಾಮಿಗೂ ತುಸು ಹೆಚ್ಚು ತೂಗಿತು. ತೂಕ ಹಾಕಿಸಿದ ಬಳಿಕ ಮನೆಯವರೆಲ್ಲ ಅದನ್ನು ಉಂಡರು. ಅಷ್ಟು ತೂಕದ ಇನ್ನೊಂದು ಬಾಸ್ ಸಿಕ್ಕಿದ್ದು 2009ರಲ್ಲಿ, ಜಪಾನಿನ ಬೀವಾ ಸರೋವರದಲ್ಲಿ.

ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಅದರಂತೆಯೇ ಗಿಡಗಂಟಿಯ ಮರೆಯಲ್ಲಿ ಹೊಂಚು ಹಾಕಿ ಬೇಟೆಯಾಡುವ ಕೊರವ ಮೀನು ನಮ್ಮಲ್ಲಿದೆ. ಬಿತ್ತನೆ ಮಾಡಿದ ಕೆರೆಗಳಲ್ಲಿ ಕಾಟ್ಲಾ, ರೋಹು ಇವೆ. ಇವುಗಳಿಗೆ ಬೇಕಾದ ಸಾಮಾನನ್ನು ಕಡಿಮೆ ಖರ್ಚಿನಲ್ಲೇ ಹೊಂದಿಸಬಹುದು. ಹಣವನ್ನು ಮೊದಲು ಕೊಕ್ಕೆಗೆ, ಅನಂತರ ದಾರಕ್ಕೆ, ಕಟ್ಟಕಡೆಗೆ ಕೋಲಿಗೆ ಹಾಕಬೇಕು. ನಮ್ಮಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡುತ್ತಾರೆ.

ಕೊಕ್ಕೆ

ಕೊಕ್ಕೆಯ ನಂಬರು ಹೆಚ್ಚಿದಂತೆ ಗಾತ್ರ ಕಿರಿದಾಗುತ್ತದೆ. 6ನೇ ನಂಬರಿಗಿಂತ 2ನೇ ನಂಬರು ದೊಡ್ಡದು. 1ನ್ನು ದಾಟಿದ ಮೇಲೆ 1/0, 2/0 ಎಂದು ಗಾತ್ರ ಏರುತ್ತದೆ. ರೋಹು, ಕಾಟ್ಲಾಗಳಿಗೆ 6ರಿಂದ 2ರವರೆಗೆ, ದೊಡ್ಡ ಬಾಯಿಯ ಕೊರವಕ್ಕೆ 1ರಿಂದ 2/0ವರೆಗೆ ಸಾಕು. ಕೊಳ್ಳುವಾಗ ಕೊಕ್ಕೆಯನ್ನು ಮರಕ್ಕೆ ಸಿಕ್ಕಿಸಿ ಎಳೆದು ನೋಡಿ. ಸುಲಭವಾಗಿ ಬಿಚ್ಚಿಕೊಂಡರೆ ಅದು ಬೇಡ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿಕೊಂಡರೆ ಹರಿತ. ಮೊಂಡಾದದ್ದನ್ನು ಸಣ್ಣ ಅರದಿಂದ ಮಸೆಯಬಹುದು.

ದಾರ

ಒಂಟಿ ಎಳೆಯ ನೈಲಾನ್ ದಾರ ಒಳ್ಳೆಯದು. ಅದು ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಅಂಗಡಿಯ ಮುಂದೆ ತಿಂಗಳುಗಟ್ಟಲೆ ನೇತುಹಾಕಿದ್ದ ಸುರುಳಿ ಅಗ್ಗವೆಂದು ತರಬೇಡಿ. ರೀಲು ಇದ್ದರೆ ಮೀನಿಗೆ ದಾರ ಬಿಟ್ಟುಕೊಟ್ಟು ದಣಿಸಬಹುದು, 0.30ರಿಂದ 0.35 ಮಿಲಿಮೀಟರ್ ದಪ್ಪ ಸಾಕು. ರೀಲಿಲ್ಲದ ಕೋಲಿಗೆ ಆ ಸೌಕರ್ಯವಿಲ್ಲ. ಕೊರವವನ್ನು ಗಿಡದೊಳಗೆ ನುಗ್ಗಲು ಬಿಡಲೂ ಬಾರದು. ಅದಕ್ಕೆ ಹಲ್ಲುಗಳೂ ಇವೆ. ಅಲ್ಲಿ 0.40ರಿಂದ 0.50 ಮಿಲಿಮೀಟರ್ ದಾರ ಬೇಕು.

ದೊಡ್ಡ ಮೀನು ತಪ್ಪಿಹೋಗುವುದು ಹೆಚ್ಚಾಗಿ ಗಂಟಿನ ದೋಷದಿಂದ. ಸಾಮಾನ್ಯ ಗಂಟು ದಾರದ ಬಲವನ್ನು ಬಹಳ ಕುಗ್ಗಿಸುತ್ತದೆ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಅದನ್ನು ಉದ್ದ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಮೊದಲ ಕುಣಿಕೆಯೊಳಗೆ ಹಿಂದಿರುಗಿಸಿ. ನೀರಿನಿಂದ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣಗಿದಂತೆಯೇ ಬಿಗಿದರೆ ಉಜ್ಜಿದ ಬಿಸಿಗೆ ನೈಲಾನ್ ಕೆಡುತ್ತದೆ.

ಕೋಲು

ಬಲಿತ, ತುದಿ ಬಳುಕುವ ತೆಳು ಬಿದಿರನ್ನು ನೆರಳಿನಲ್ಲಿ ಒಣಗಿಸಿದರೆ 10–12 ಅಡಿಯ ಕೋಲು ಸಿದ್ಧ. ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ಹಿಡಿಯ ಬಳಿ ಕಟ್ಟಿ, ಕೋಲಿನುದ್ದಕ್ಕೂ ಅಲ್ಲಲ್ಲಿ ಬಿಗಿದು ತುದಿಗೆ ತನ್ನಿ. ತುದಿ ಮುರಿದರೂ ಮೀನು ಕೈತಪ್ಪದು. ರೀಲಿನ ಕೋಲು ಕೊಳ್ಳುವ ಶಕ್ತಿ ಬಂದಾಗ ಗಾಜಿನ ನಾರಿನದನ್ನು ಆರಿಸಿ. ಅದು ಕಾರ್ಬನ್ ಕೋಲಿಗಿಂತ ತೂಕವಾದರೂ ಅಗ್ಗ, ಪೆಟ್ಟು ತಾಳುತ್ತದೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಒದ್ದೆ ಬಿದಿರಿನಲ್ಲಿಯೂ ಹರಿಯಬಲ್ಲದು. ಪಂಪ್‌ಸೆಟ್ಟಿನ ತಂತಿಗಳ ಕೆಳಗೆ ಯಾವ ಕೋಲನ್ನೂ ಎತ್ತಬೇಡಿ. ಇದು ಪ್ರಾಣದ ಮಾತು.

ಎರೆ

ಕೊರವಕ್ಕೆ ಎರೆಹುಳುವಿನ ಗೊಂಚಲು ಅಥವಾ ಚಿಕ್ಕ ಮೀನು ಸಿಕ್ಕಿಸಿ, ಗಿಡಗಳ ಅಂಚಿನಲ್ಲಿ ಬಿಡಿ. ರೋಹು, ಕಾಟ್ಲಾಗಳಿಗೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಕಲಸಿದ ಉಂಡೆ ಸಾಕು. ಕಾಟ್ಲಾ ಮೇಲಿನ ನೀರಿನಲ್ಲಿಯೂ ರೋಹು ನಡುನೀರಿನಲ್ಲಿಯೂ ಮೇಯುತ್ತವೆ. ಬೆಂಡನ್ನು ಅದಕ್ಕೆ ತಕ್ಕಂತೆ ಏರಿಸಿ ಇಳಿಸಿ. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯಬೇಡಿ, ಸೀಸ ವಿಷ. ಅದಕ್ಕೆ ಇಕ್ಕಳ ಬಳಸಿ.

ನೆನಪಿನಲ್ಲಿಡಿ

1. ಅನೇಕ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪಡೆದೇ ಗಾಳ ಹಾಕಿ.

2. ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕಂಡರೆ ಅದರ ಬಳಿಯೇ ತಾಯಿ ತಂದೆ ಕೊರವಗಳು ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. ಅಲ್ಲಿ ಗಾಳ ಹಾಕಬೇಡಿ.

3. ಹರಿದ ದಾರವನ್ನು ದಡದಲ್ಲಿ ಬಿಡಬೇಡಿ. ಮೇಯುವ ದನದ ಹೊಟ್ಟೆಗೂ ಕೊಕ್ಕರೆಯ ಕಾಲಿಗೂ ಅದು ಉರುಳು.

ಹರಿತವಾದ ಕೊಕ್ಕೆ, ಹೊಸ ದಾರ, ಒದ್ದೆ ಮಾಡಿ ಬಿಗಿದ ಗಂಟು, ಹಿತ್ತಿಲ ಬಿದಿರು: ಇಷ್ಟಿದ್ದರೆ ಈ ವರ್ಷಕ್ಕೆ ಸಾಕು. ಗೊಬ್ಬರದ ಹಣ ಗೊಬ್ಬರಕ್ಕೇ ಇರಲಿ.