ಅನ್ಯಭಾಷಿಕರಿಗೆ ಇಂಗ್ಲಿಷ್ ಕಲಿಸಿದ ಕನ್ನಡ ಕವಿ: ವಿನಾಯಕರ ಅಧ್ಯಾಪನ ಜೀವನ

ಗೋಕಾಕ ಎಂಬ ಹೆಸರು ಕನ್ನಡಿಗರಿಗೆ ಎರಡು ಬಗೆಯಲ್ಲಿ ಪರಿಚಿತವಾಗಿದೆ. ಘಟಪ್ರಭೆಯ ಜಲಪಾತದಿಂದಲೂ ಕರದಂಟಿನಿಂದಲೂ ಪ್ರಸಿದ್ಧವಾದ ಬೆಳಗಾವಿ ಜಿಲ್ಲೆಯ ಊರು ಒಂದು; 1981ರ ಭಾಷಾ ವರದಿ ಮತ್ತು ಮರುವರ್ಷದ ಚಳವಳಿ ಇನ್ನೊಂದು. ಎರಡನೆಯದಕ್ಕೆ ಆ ಹೆಸರು ಬಂದುದು ಸಮಿತಿಯ ಅಧ್ಯಕ್ಷರಾಗಿದ್ದ ವಿನಾಯಕ ಕೃಷ್ಣ ಗೋಕಾಕರ ಅಡ್ಡಹೆಸರಿನಿಂದ. ಊರ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಳ್ಳುವುದು ಉತ್ತರ ಕರ್ನಾಟಕದ ವಾಡಿಕೆ. ಗೋಕಾಕರಾದರೋ ಹುಟ್ಟಿದುದು 1909ರ ಆಗಸ್ಟ್ 9ರಂದು, ಸವಣೂರಿನಲ್ಲಿ. 'ವಿನಾಯಕ' ಎಂಬ ಕಾವ್ಯನಾಮದಿಂದ ಬರೆದ ಈ ಕವಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇಂಗ್ಲಿಷ್ ಅಧ್ಯಾಪನದಲ್ಲಿ ಕಳೆದರು. ಇಂಗ್ಲಿಷನ್ನು ಕಲಿಸಿದವರೇ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದುದು ಹೇಗೆ? ಇದರಲ್ಲಿ ವಿರೋಧವಿದೆಯೆ? ಈ ಪ್ರಶ್ನೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾರ್ಥಿಯನ್ನು ಕಣ್ಣೆದುರಿಗಿಟ್ಟುಕೊಂಡು ವಿಚಾರಿಸುವುದು ನಮ್ಮ ಉದ್ದೇಶ.

ಮೊದಲು ಗೋಕಾಕರ ಅಧ್ಯಾಪನದ ಹಾದಿಯನ್ನು ನೋಡೋಣ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಅವರು 1931ರಲ್ಲಿ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗವನ್ನು ಪಡೆದು, 1938ರಲ್ಲಿ ಹಿಂದಿರುಗಿ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. 1940ರ ದಶಕದಲ್ಲಿ ಗುಜರಾತಿನ ವಿಸನಗರ, ಆಮೇಲೆ ಕೊಲ್ಲಾಪುರದ ರಾಜಾರಾಮ ಕಾಲೇಜು, 1952ರಿಂದ ಧಾರವಾಡದ ಕರ್ನಾಟಕ ಕಾಲೇಜು. 1958ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಮರುವರ್ಷವೇ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ, 1966ರವರೆಗೆ ಅಲ್ಲಿದ್ದರು.

ಈ ಹಾದಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪುಣೆ, ಸಾಂಗಲಿ, ಕೊಲ್ಲಾಪುರಗಳದು ಮರಾಠಿಯ ಸೀಮೆ. ವಿಸನಗರದ್ದು ಗುಜರಾತಿಯ ಸೀಮೆ. ಅಲ್ಲಿಯ ತರಗತಿಗಳಲ್ಲಿ ಇಂಗ್ಲಿಷು ಗುರುವಿಗೂ ಪರಭಾಷೆ, ಶಿಷ್ಯನಿಗೂ ಪರಭಾಷೆ. ಇಬ್ಬರ ಮನೆಮಾತುಗಳಾದರೂ ಒಂದೇ ಆಗಿರಲಿಲ್ಲ. ತನ್ನದಲ್ಲದ ಭಾಷೆಯನ್ನು ಸ್ವತಃ ದುಡಿದು ಸಂಪಾದಿಸಿದವನು, ಅದೇ ದುಡಿಮೆಗೆ ಇಳಿದಿರುವ ಇನ್ನೊಬ್ಬನಿಗೆ ಕಲಿಸುವ ಸಂದರ್ಭವಿದು. ಇಂಗ್ಲೆಂಡಿನಲ್ಲಿ ಹುಟ್ಟಿದ ಅಧ್ಯಾಪಕನಿಗೆ ಈ ಅನುಭವ ಸುಲಭವಾಗಿ ಲಭಿಸತಕ್ಕದ್ದಲ್ಲ.

ಕವಿತ್ವಕ್ಕೂ ಇದರಿಂದ ಲಾಭವಾಯಿತು. ಆಕ್ಸ್‌ಫರ್ಡಿನ ಪ್ರವಾಸಕ್ಕೆ ಸಂಬಂಧಿಸಿದ ಕಡಲಿನ ಅನುಭವವು 'ಸಮುದ್ರ ಗೀತೆಗಳು' ಸಂಕಲನವಾಗಿ 1940ರಲ್ಲಿ ಪ್ರಕಟವಾಯಿತು. ಕಡಲಿನ ಚಲನೆಗೆ ಒಪ್ಪುವ ಮುಕ್ತಛಂದವನ್ನು ಅವರು ಅಲ್ಲಿ ಕನ್ನಡದಲ್ಲಿಯೇ ಹುಡುಕಿದರು. ಇಂಗ್ಲಿಷ್ ಕಾವ್ಯದ ವ್ಯಾಸಂಗವು ಅವರನ್ನು ಕನ್ನಡದಿಂದ ದೂರ ಒಯ್ಯಲಿಲ್ಲ. ಕನ್ನಡದಲ್ಲಿ ಇನ್ನೂ ಏನೇನು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು.

ಇನ್ನು ವಿದ್ಯಾರ್ಥಿಯ ಕಡೆಗೆ ಬರೋಣ. ಗೋಕಾಕ, ಹುಕ್ಕೇರಿ, ಮೊದಲು ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿ, ಇವೆಲ್ಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದಲ್ಲಿದ್ದುವು. ಸ್ವಾತಂತ್ರ್ಯಾನಂತರ ಆ ರಾಜ್ಯದ ಶಾಲೆಗಳಲ್ಲಿ ಇಂಗ್ಲಿಷ್ ಎಂಟನೆಯ ಇಯತ್ತೆಯಿಂದ ಆರಂಭವಾಗುತ್ತಿತ್ತು. ಹನ್ನೊಂದನೆಯ ಇಯತ್ತೆಯ ಕೊನೆಗೆ ಎಸ್.ಎಸ್.ಸಿ. ಪರೀಕ್ಷೆ. ಹೀಗೆ ನಾಲ್ಕು ವರ್ಷ ಮಾತ್ರ ಇಂಗ್ಲಿಷ್ ಕಲಿತ ಹುಡುಗನು ಕಾಲೇಜಿಗೆ ಬಂದೊಡನೆ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಇಂಗ್ಲಿಷಿನಲ್ಲಿಯೇ ಕೇಳಬೇಕಾಗುತ್ತಿತ್ತು. ಮೇಲಾಗಿ ಇದು ಗಡಿಸೀಮೆ: ಮನೆಯಲ್ಲಿ ಕನ್ನಡವೋ ಮರಾಠಿಯೋ ಉರ್ದುವೋ, ಸಂತೆಯಲ್ಲಿ ಇನ್ನೊಂದು. ಇಂಗ್ಲಿಷು ಇಲ್ಲಿಯ ಹಲವರಿಗೆ ಮೂರನೆಯ ಭಾಷೆಯಾಗಿ ಬರುತ್ತದೆ.

ಇಂತಹ ವಿದ್ಯಾರ್ಥಿಯು ಎಲ್ಲಿ ಎಡವುತ್ತಾನೆ? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಸಹಜ. ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ ಬರಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯವು ನಾಮಪದದ ತುದಿಗೆ ಅಂಟಿದರೆ, ಅಲ್ಲಿ 'ಇನ್', 'ಆನ್' ಮೊದಲಾದವು ನಾಮಪದಕ್ಕೆ ಮುಂಚೆ ಬಿಡಿಯಾಗಿ ನಿಲ್ಲುತ್ತವೆ. 'ಎ', 'ದಿ'ಗಳಂತಹ ಪದಗಳು ಕನ್ನಡದಲ್ಲಿ ಇಲ್ಲ. 'ಅವನಿಗೆ ಇಬ್ಬರು ಅಣ್ಣಂದಿರಿದ್ದಾರೆ' ಎಂದು ನಾವು ಚತುರ್ಥಿಯಲ್ಲಿ ಹೇಳುವುದನ್ನು ಇಂಗ್ಲಿಷು 'ಅವನ'ನ್ನೇ ಕರ್ತೃವಾಗಿಸಿ ಹೇಳುತ್ತದೆ. 'ಬಸ್' ಎಂಬುದು ನಮ್ಮ ನಾಲಗೆಯಲ್ಲಿ 'ಬಸ್ಸು' ಆಗುವುದು ಪದಾಂತ್ಯದಲ್ಲಿ ಸ್ವರವನ್ನು ಬಯಸುವ ಕನ್ನಡದ ಜಾಯಮಾನದಿಂದ. ಇವು ದಡ್ಡತನದ ತಪ್ಪುಗಳಲ್ಲ. ಒಂದು ಭಾಷೆಯ ನಿಯಮವನ್ನು ಚೆನ್ನಾಗಿ ಬಲ್ಲವನು ಅದನ್ನು ಇನ್ನೊಂದಕ್ಕೆ ಅನ್ವಯಿಸಿದಾಗ ಆಗುವ ತಪ್ಪುಗಳು. ವಿದ್ಯಾರ್ಥಿಯ ಮನೆಮಾತನ್ನು ಅರಿತ ಅಧ್ಯಾಪಕನು ಇವನ್ನು ಮುಂಚಿತವಾಗಿಯೇ ಕಂಡು ಪಾಠವನ್ನು ಹೊಂದಿಸಬಲ್ಲನು.

1958ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಸಂಸ್ಥೆಯ ಮುಖ್ಯ ಕೆಲಸ ಇಂತಹ ಅಧ್ಯಾಪಕರನ್ನು ತಯಾರುಮಾಡುವುದೇ ಆಗಿತ್ತು. ಆ ಕಾಲದ ರಚನಾಪದ್ಧತಿಯಲ್ಲಿ ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಶ್ರೇಣಿಯಾಗಿ ಜೋಡಿಸಿ, ಮಿತವಾದ ಶಬ್ದಗಳೊಡನೆ, ಮೊದಲು ಬಾಯಿಂದ ಅಭ್ಯಾಸಮಾಡಿಸಲಾಗುತ್ತಿತ್ತು. ಇಂಗ್ಲಿಷನ್ನು ಸಾಹಿತ್ಯವಾಗಿ ಬೋಧಿಸುವುದು ಬೇರೆ, ಭಾಷೆಯಾಗಿ ಕಲಿಸುವುದು ಬೇರೆ ಎಂಬ ವಿವೇಕ ಇದರ ಹಿಂದಿದೆ. ಈ ಪದ್ಧತಿಗೂ ಮಿತಿಯಿದ್ದಿತು: ಯಾಂತ್ರಿಕವಾಗಿ ಒಪ್ಪಿಸಿದ ವಾಕ್ಯವು ಸಂಭಾಷಣೆಯಲ್ಲಿ ಒದಗದೆ ಹೋಗಬಹುದು. ಆ ಸಂಸ್ಥೆಯು 1972ರಲ್ಲಿ ಇತರ ವಿದೇಶೀ ಭಾಷೆಗಳನ್ನೂ ಸೇರಿಸಿಕೊಂಡು, 2007ರಲ್ಲಿ ವಿಶ್ವವಿದ್ಯಾಲಯವಾಯಿತು.

ಗೋಕಾಕರೊಬ್ಬರದೇ ದೃಷ್ಟಾಂತವೆಂದು ತಿಳಿಯಬೇಕಾಗಿಲ್ಲ. 1950ರ ದಶಕದಲ್ಲಿ ಕವಿ ಎ. ಕೆ. ರಾಮಾನುಜನ್ನರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ತಮಿಳು ಮನೆಮಾತಿನ, ಮೈಸೂರಿನಲ್ಲಿ ಬೆಳೆದ ಅವರು ಬೆಳಗಾವಿಯ ಸೀಮೆಯಲ್ಲಿದ್ದಾಗ ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದರು. ತರಗತಿಯಲ್ಲಿ ಇಂಗ್ಲಿಷನ್ನು ಕೊಟ್ಟವರು ಜನರಿಂದ ಕನ್ನಡವನ್ನು ಪಡೆದರು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. 1980ರಲ್ಲಿ ನೇಮಕವಾದ ಗೋಕಾಕ ಸಮಿತಿಯು ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕೆಂದೂ ಅದಕ್ಕೆ 150 ಅಂಕಗಳಿರಬೇಕೆಂದೂ ಶಿಫಾರಸು ಮಾಡಿತು. ಇದನ್ನು ಇಂಗ್ಲಿಷಿನ ವಿರುದ್ಧದ ತೀರ್ಪೆಂದು ಓದುವುದು ಗೋಕಾಕರ ಅಧ್ಯಾಪನ ಜೀವನಕ್ಕೆ ಹೊಂದುವುದಿಲ್ಲ. ಒಂದು ಭಾಷೆಯಲ್ಲಿ ವಿಚಾರಮಾಡಲು ಕಲಿತವನಿಗೆ ಎರಡನೆಯದನ್ನು ಕಲಿಸಬಹುದು; ಒಂದರಲ್ಲಿಯೂ ಗಟ್ಟಿಯಾಗದವನಿಗೆ ಎರಡೂ ದೂರವಾಗುತ್ತವೆ. ಅವರ ಜೀವನದಿಂದ ನಾವು ತೆಗೆಯುವ ತಾತ್ಪರ್ಯವಿದು.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂಗ್ಲಿಷಿನ ಅಂಜಿಕೆಯಿಂದ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಇತಿಹಾಸದ ಅಧ್ಯಾಪಕರಾದ ನಮಗೂ ಇದು ಸಂಬಂಧಿಸಿದ್ದೇ, ಏಕೆಂದರೆ ಆ ಮೌನ ನಮ್ಮ ತರಗತಿಗೂ ಬರುತ್ತದೆ. ಅವರ ಮನೆಮಾತನ್ನು ತಿದ್ದಬೇಕಾದ ದೋಷವೆಂದು ಎಣಿಸದೆ, ಇಂಗ್ಲಿಷಿನ ಪಾಠವನ್ನು ಅಲ್ಲಿಂದಲೇ ಆರಂಭಿಸುವ ಕ್ರಮವನ್ನು ನಮ್ಮ ಕಾಲೇಜುಗಳು ಮೊದಲ ವರ್ಷದಲ್ಲಿಯೇ ಕೈಗೊಳ್ಳುವುದು ಉಚಿತವೆಂದು ನಮಗೆ ತೋರುತ್ತದೆ.